ಮತದಾರರು ಮತ ಹಾಕುವುದು ವಿಷಯ ನೋಡಿಯೋ, ಎದುರಾಳಿಯ ಮೇಲಿನ ಅಸಮಾಧಾನದಿಂದಲೋ?

ಎರಡೂ ಕಾರಣಗಳಿರುತ್ತವೆ, ಆದರೆ ಮತಗಟ್ಟೆಯೊಳಗೆ ಹೆಚ್ಚಾಗಿ ಮೇಲುಗೈ ಪಡೆಯುವುದು ‘ಅವರು ಬರಬಾರದು’ ಎಂಬ ಭಾವನೆಯೇ ಎಂದು ನನಗೆ ತೋರುತ್ತದೆ. ಅಪಘಾತವಾದರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಧಾವಿಸಬೇಕಾದ ನಮ್ಮ ಉತ್ತರ ಕನ್ನಡದ ಜನ 2022ರಲ್ಲಿ ‘ಆಸ್ಪತ್ರೆ ಇಲ್ಲದಿದ್ದರೆ ಮತವೂ ಇಲ್ಲ’ ಎಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ದನಿ ಎತ್ತಿದರು. ಇಷ್ಟು ನ್ಯಾಯವಾದ ಬೇಡಿಕೆಯನ್ನು ಯಾವ ಅಭ್ಯರ್ಥಿಯೂ ವಿರೋಧಿಸಲಾರರು; ಎಲ್ಲರೂ ಒಪ್ಪಿದ ಮೇಲೆ ಅದು ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸುವುದಿಲ್ಲವಾದ್ದರಿಂದ ಆಯ್ಕೆಯು ಪಕ್ಷ, ಜಾತಿ ಮತ್ತು ಹಳೆಯ ಮುನಿಸಿನ ಕಡೆಗೆ ಹೊರಳುತ್ತದೆ. ಹೆಚ್ಚು ಮತ ಪಡೆದವರೇ ಗೆಲ್ಲುವ ನಮ್ಮ ಪದ್ಧತಿಯೂ ಇದಕ್ಕೆ ಇಂಬು ಕೊಡುತ್ತದೆ: 2023ರಲ್ಲಿ ನಮ್ಮದೇ ಜಿಲ್ಲೆಯ ಕುಮಟಾ ವಿಧಾನಸಭಾ ಕ್ಷೇತ್ರವು ಕೇವಲ 676 ಮತಗಳ ಅಂತರದಲ್ಲಿ ತೀರ್ಮಾನವಾಯಿತು, ಮತ್ತು ಇಂಥ ಹಣಾಹಣಿಯಲ್ಲಿ ಮೂರನೆಯವರನ್ನು ಮೆಚ್ಚಿದವರೂ ತಮ್ಮ ಮತ ವ್ಯರ್ಥವಾದೀತೆಂದು, ಬೇಡವಾದವರನ್ನು ಸೋಲಿಸಬಲ್ಲವರತ್ತ ಸರಿಯುವುದು ಸಹಜ. 2013ರಿಂದ ನೋಟಾ, ಅಂದರೆ ‘ಇವರಲ್ಲಿ ಯಾರೂ ಬೇಡ’ ಎಂಬ ಆಯ್ಕೆ, ಇದೆಯಾದರೂ ಅದು ಫಲಿತಾಂಶವನ್ನು ಬದಲಿಸುವುದಿಲ್ಲ.