ರಿಪೋರ್ಟ್ ಎಲ್ಲ ಸರಿ ಇದೆ, ಮತ್ತೆ ಈ ನೋವು ಯಾಕೆ?

ಪ್ರಶ್ನೆ: ತಂದೆಗೆ 70 ವರ್ಷ. ತಿಂಗಳ ಹಿಂದೆ ವಿಜಯನಗರದಲ್ಲಿ ಬೈಕ್ ತಗುಲಿ ಸ್ಕೂಟರ್‌ನಿಂದ ಬಿದ್ದರು, ತಲೆಗೆ ಪೆಟ್ಟಾಯಿತು. ಅವತ್ತಿನ ಸ್ಕ್ಯಾನ್ ನಾರ್ಮಲ್. ಈಗ ಸದಾ ಮಂಪರು, ನಡೆಯುವಾಗ ಒಂದು ಕಡೆ ವಾಲುತ್ತಾರೆ. ವಯಸ್ಸಾಯ್ತಲ್ಲ, ಅದಕ್ಕೇ ಅಂತಾರೆ ಎಲ್ಲರೂ.

ಉತ್ತರ: ಪತ್ರ ಓದಿದ ತಕ್ಷಣ ಇವರಿಗೆ ಫೋನ್ ಮಾಡಿ, ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಹೇಳಿದ್ದಾಯಿತು. ಇಲ್ಲಿ ಹಾಕುತ್ತಿರುವುದು ಉಳಿದವರಿಗಾಗಿ. ವಯಸ್ಸಾದವರಲ್ಲಿ ಮೆದುಳು ಸ್ವಲ್ಪ ಕುಗ್ಗಿರುತ್ತದೆ. ಅದರ ಮೇಲಿನ ಸಣ್ಣ ರಕ್ತನಾಳ ಹರಿದರೆ ರಕ್ತ ವಾರಗಟ್ಟಲೆ ನಿಧಾನವಾಗಿ ಸೇರಿಕೊಳ್ಳುತ್ತದೆ, ಮೊದಲ ದಿನದ ಸ್ಕ್ಯಾನ್‌ನಲ್ಲಿ ಏನೂ ಕಾಣದೆಯೂ ಇರಬಹುದು. ರಕ್ತ ತೆಳುಮಾಡುವ ಮಾತ್ರೆ ತಗೊಳ್ಳುವವರಿಗೆ ಅಪಾಯ ಇನ್ನೂ ಜಾಸ್ತಿ. ಮತ್ತೆ ಸ್ಕ್ಯಾನ್ ಮಾಡಿಸಲೇಬೇಕು. ರಕ್ತ ಸೇರಿದ್ದರೆ ತಲೆಬುರುಡೆಯಲ್ಲಿ ಸಣ್ಣ ತೂತು ಮಾಡಿ ಹೊರತೆಗೆಯುತ್ತಾರೆ, ಬೇಗ ಹೋದವರು ಬಹಳ ಮಟ್ಟಿಗೆ ಮೊದಲಿನಂತಾಗುತ್ತಾರೆ. ನಿಮ್ಹಾನ್ಸ್‌ನ ತುರ್ತು ವಿಭಾಗ ಹಗಲು ರಾತ್ರಿ ತೆರೆದಿರುತ್ತದೆ.

ಪ್ರಶ್ನೆ: ಬೆಳಿಗ್ಗೆ ಸೈಕಲ್‌ನಲ್ಲಿ ಲಾಲ್‌ಬಾಗ್ ಕಡೆ ಹೋಗುತ್ತಿದ್ದಾಗ ಹಿಂದಿನಿಂದ ಬೈಕ್ ಗುದ್ದಿತು. ಮಂಡಿಯ ಕೆಳಗೆ ಮುರಿದು ಪ್ಲೇಟ್ ಹಾಕಿದರು. ಒಂದೂವರೆ ವರ್ಷವಾಯಿತು, ಮೂಳೆ ಚೆನ್ನಾಗಿ ಕೂಡಿದೆಯಂತೆ. ಆದರೂ ಮೆಟ್ರೋ ಮೆಟ್ಟಿಲು ಇಳಿಯುವಾಗ ಮಂಡಿ ಹಿಡಿಯುತ್ತದೆ. ಪ್ಲೇಟ್ ತೆಗೆಸಲಾ? ಸೈಕಲ್ ಮಾರಿಬಿಡು ಅಂತಿದ್ದಾರೆ ಮನೆಯವರು.

ಉತ್ತರ: ಪಾಪ, ಎಲ್ಲರ ಅನುಮಾನವೂ ಮೊದಲು ಪ್ಲೇಟ್ ಮೇಲೇ. ಮೂಳೆ ಕೂಡುವುದು ಒಂದು ಲೆಕ್ಕ, ಮಂಡಿ ಪಳಗುವುದು ಇನ್ನೊಂದು ಲೆಕ್ಕ. ಇಂಥ ಮುರಿತ ಎಷ್ಟೋ ಸಲ ಕೀಲಿನ ಒಳಗೇ ಹೋಗಿರುತ್ತದೆ. ಅಲ್ಲಿ ಮೂಳೆಯ ತುದಿಗೆ ಕಾರ್ಟಿಲೇಜ್ ಎನ್ನುವ ನುಣುಪಾದ ಪದರ ಇರುತ್ತದೆ, ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಹಾಳಾದರೆ ಮೂಳೆಯ ಹಾಗೆ ಮತ್ತೆ ಬೆಳೆಯುವುದೂ ಇಲ್ಲ. ಹಾಗಾಗಿ ಕೆಲವರಿಗೆ ಎಷ್ಟೋ ವರ್ಷಗಳ ಮೇಲೆ ಕೀಲು ಸವೆತ ಶುರುವಾಗುತ್ತದೆ. ಎಲ್ಲರಿಗೂ ಅಲ್ಲ.

ನಿಮ್ಮ ವಿಷಯದಲ್ಲಿ ನನಗೆ ಅನುಮಾನ ತೊಡೆಯ ಮೇಲೆ. ದರ್ಜಿ ಟೇಪ್ ತಗೊಂಡು, ಮಂಡಿಚಿಪ್ಪಿನಿಂದ ಒಂದು ಗೇಣು ಮೇಲೆ ಎರಡೂ ತೊಡೆಯ ಸುತ್ತಳತೆ ನೋಡಿ. ಪೆಟ್ಟಾದ ಕಡೆ ಎರಡು ಸೆಂಟಿಮೀಟರ್ ಕಮ್ಮಿ ಬಂದರೆ ತೊಡೆಯ ಮುಂಭಾಗದ ಸ್ನಾಯು ಇನ್ನೂ ತುಂಬಿಕೊಂಡಿಲ್ಲ ಅಂತ ಅರ್ಥ. ಮೆಟ್ಟಿಲು ಇಳಿಯುವಾಗ ಇಡೀ ಮೈಭಾರವನ್ನು ತಡೆದು ಇಳಿಸುವುದು ಅದೇ ಸ್ನಾಯು, ಅದು ಸೋತರೆ ಭಾರವೆಲ್ಲ ಕೀಲಿನ ಮೇಲೆ. ವಾಕರ್ ಬಿಟ್ಟ ದಿನವೇ ಫಿಸಿಯೋಥೆರಪಿಯನ್ನೂ ಬಿಟ್ಟಿರುತ್ತಾರೆ ನಮ್ಮ ಜನ, ನೀವೂ ಹಾಗೇ ಮಾಡಿರಬೇಕು, ಅಲ್ವಾ? ಮತ್ತೆ ಶುರು ಮಾಡಿ. ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ, ಐದು ಎಣಿಸಿ ಇಳಿಸುವುದರಿಂದ ಶುರುವಾದರೂ ಸಾಕು. ಮೂರು ತಿಂಗಳಾದರೂ ಬಿಡದೆ ಮಾಡಿ.

ಪ್ಲೇಟ್ ತೆಗೆಸುವುದು ಸುಮ್ನೆ ಮಾಡಿಸುವ ಕೆಲಸ ಅಲ್ಲ. ಸ್ಕ್ರೂ ಚುಚ್ಚುತ್ತಿದ್ದರೆ, ಸೋಂಕಾಗಿದ್ದರೆ ಸರಿ. ಇಲ್ಲವಾದರೆ ಮತ್ತೊಂದು ಆಪರೇಷನ್, ಮೇಲೆ ಸ್ಕ್ರೂ ಇದ್ದ ತೂತುಗಳು ತುಂಬುವವರೆಗೆ ಮೂಳೆಯೂ ಸ್ವಲ್ಪ ದುರ್ಬಲ. ಮಂಡಿ ಬಾಗುವಾಗ ಅರ್ಧಕ್ಕೇ ಸಿಕ್ಕಿಕೊಂಡು ಅಲ್ಲಾಡದಿದ್ದರೆ ಅಥವಾ ನಡೆಯುವಾಗ ಕೈಕೊಟ್ಟರೆ ಅದು ಬೇರೆ ಕಥೆ, ಕೀಲಿನೊಳಗಿನ ಮೆತ್ತೆಯಂಥ ಮೆನಿಸ್ಕಸ್, ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಎರಡನ್ನೂ ನೋಡಿಸಬೇಕು.

ಸೈಕಲ್ ಮಾರಬೇಡಿ. ಮಂಡಿಗೆ ಅಷ್ಟು ಕಡಿಮೆ ಭಾರದಲ್ಲಿ ತೊಡೆ ಕಟ್ಟುವ ವ್ಯಾಯಾಮ ಸಿಗುವುದು ಕಷ್ಟ. ಪೆಡಲ್ ಕೆಳಗೆ ಬಂದಾಗ ಮಂಡಿ ಒಂಚೂರು ಮಾತ್ರ ಬಾಗುವಷ್ಟು ಸೀಟು ಎತ್ತರಿಸಿ, ಹಗುರ ಗೇರ್‌ನಲ್ಲಿ ತುಳಿಯಿರಿ. ರಸ್ತೆಗೆ ಇಳಿಯಲು ಭಯವಾದರೆ ಸದ್ಯಕ್ಕೆ ಜಿಮ್ ಸೈಕಲ್ ಸಾಕು. ಆ ಭಯ ತಿಂಗಳುಗಟ್ಟಲೆ ಹೋಗದೆ ನಿದ್ದೆಗೆಡಿಸಿದರೆ ಅದಕ್ಕೂ ಚಿಕಿತ್ಸೆ ಇದೆ, ನಾಚಿಕೊಳ್ಳಬೇಡಿ.

ಪ್ರಶ್ನೆ: ಬೈಕ್‌ನಿಂದ ಬಿದ್ದು ಎಂಟು ತಿಂಗಳು. ಗಾಯ ಮಾಯಿತು, ವಾಸನೆ ಮಾತ್ರ ಬರುತ್ತಿಲ್ಲ. ಒಗ್ಗರಣೆ ಸೀದರೂ ಗೊತ್ತಾಗಲ್ಲ.

ಉತ್ತರ: ವಾಸನೆಯ ನರದ ಎಳೆಗಳು ಬಹಳ ತೆಳು, ತಲೆ ಜೋರಾಗಿ ಅಲುಗಿದಾಗ ಹರಿಯಬಹುದು. ಕಿವಿ–ಮೂಗು–ಗಂಟಲು ತಜ್ಞರಿಗೆ ತೋರಿಸಿ. ಲವಂಗ, ನಿಂಬೆಯಂಥವನ್ನು ದಿನಕ್ಕೆರಡು ಸಲ ಮೂಸುವ ಅಭ್ಯಾಸದಿಂದ ಕೆಲವರಿಗೆ ಉಪಯೋಗವಾಗಿದೆ. ಅಡುಗೆಮನೆಗೆ ಈ ವಾರವೇ ಗ್ಯಾಸ್ ಸೋರಿಕೆಯ ಅಲಾರಂ ಹಾಕಿಸಿ, ಹಾಲು ಕೆಟ್ಟಿದೆಯೋ ಇಲ್ಲವೋ ಮನೆಯವರ ಮೂಗು ನೋಡಲಿ.