ಮಡಿಕೇರಿ ಗಾಳಿಗೆ ಎಷ್ಟು ಸಿಸಿ ಬೇಕು? ಫೋರ್-ಸ್ಟ್ರೋಕ್ ಎಂಜಿನ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಕೊಡಗಿನಿಂದ ಬಂದ ನಾಲ್ಕು ಪ್ರಶ್ನೆ ಎತ್ತಿಕೊಂಡಿದ್ದೇನೆ. ನಾಲ್ಕೂ ರೇಡಿಯೋ ಕಂಟ್ರೋಲ್ ವಿಮಾನಗಳ ಫೋರ್-ಸ್ಟ್ರೋಕ್ ಎಂಜಿನ್ ಬಗ್ಗೆಯೇ.

ಪ್ರಶ್ನೆ: ಸರ್, ನನ್ನ ಹತ್ತಿರ 40 ಸೈಜಿನ (40 ನಂಬರಿನ ಎಂಜಿನ್‌ಗೆ ಹೊಂದುವ) ಹೈವಿಂಗ್ ಟ್ರೈನರ್, ಅಂದರೆ ರೆಕ್ಕೆ ಮೇಲಿರುವ ಕಲಿಕೆಯ ವಿಮಾನ ಇದೆ. ಈಗ 46ರ ಟೂ-ಸ್ಟ್ರೋಕ್ ಹಾಕಿ ಹಾರಿಸುತ್ತಿದ್ದೇನೆ. ಫೋರ್-ಸ್ಟ್ರೋಕ್ ಶಬ್ದ ಅಂದ್ರೆ ಪ್ರಾಣ. ಮಂಗಳೂರಿನ ಗೆಳೆಯ 52 ಸಾಕು ಅಂತಾನೆ, ಅಂಗಡಿಯವರು 70 ತಗೊಳ್ಳಿ ಅಂತಾರೆ. ಯಾರ ಮಾತು ಕೇಳಲಿ? (ಮಡಿಕೇರಿಯ ಓದುಗರು)

ಉತ್ತರ: ನಿಮ್ಮ ಗೆಳೆಯರ ಮಾತು ಮಂಗಳೂರಿನಲ್ಲಿ ಸರಿ. ಅವರು ಹಾರಿಸುವುದು ಸಮುದ್ರದ ಮಟ್ಟದಲ್ಲಿ. ನೀವು ಸಂಪಾಜೆ ಘಾಟಿ ಹತ್ತಿ ಸುಮಾರು 1,150 ಮೀಟರ್ ಮೇಲೆ ಕೂತಿದ್ದೀರಿ. ಅಲ್ಲಿಗಿಂತ ಇಲ್ಲಿ ಗಾಳಿ ಹೆಚ್ಚುಕಡಿಮೆ 10 ಪರ್ಸೆಂಟ್ ತೆಳು. ಎಂಜಿನ್ ಒಳಗೆ ಹೋಗುವ ಗಾಳಿ ಅಷ್ಟು ಕಡಿಮೆಯಾದರೆ ಶಕ್ತಿಯೂ ಅಷ್ಟು ಕಡಿಮೆ.

ಇದರಲ್ಲಿ ಒಂದು ಮೋಸ ಇದೆ. ಟ್ಯಾಕೋಮೀಟರ್ ಹಿಡಿದು ನೋಡಿದರೆ ಆರ್‌ಪಿಎಂ ಕಡಿಮೆಯಾದದ್ದು ಕಾಣುವುದೇ ಇಲ್ಲ. ಗಾಳಿ ತೆಳುವಾದಾಗ ಪ್ರೊಪೆಲರ್ ತಿರುಗಿಸುವುದೂ ಹಗುರ, ಹಾಗಾಗಿ ಎಂಜಿನ್ ಮೊದಲಿನ ವೇಗದಲ್ಲೇ ಓಡುತ್ತದೆ. ಕಡಿಮೆಯಾಗುವುದು ಎಳೆತ. ಜೊತೆಗೆ ರೆಕ್ಕೆಗೆ ಅಷ್ಟೇ ಲಿಫ್ಟ್ ಸಿಗಬೇಕಾದರೆ ವಿಮಾನ ಸ್ವಲ್ಪ ಜಾಸ್ತಿ ವೇಗದಲ್ಲಿ ಓಡಬೇಕು. ಹುಲ್ಲಿನ ನೆಲದಲ್ಲಿ ಟೇಕಾಫ್ ಓಟ ಉದ್ದವಾಗುವುದು ಇದಕ್ಕೇ.

ಇನ್ನು ಸೈಜು. 52, 70 ಅನ್ನುವುದು ಘನ ಇಂಚಿನ ನೂರನೇ ಭಾಗದ ಲೆಕ್ಕ. 52 ಅಂದರೆ ಸುಮಾರು 8.5 ಸಿಸಿ, 70 ಅಂದರೆ 11.5 ಸಿಸಿ. ಟೂ-ಸ್ಟ್ರೋಕ್ ಪ್ರತಿ ಸುತ್ತಿಗೂ ಒಮ್ಮೆ ಸಿಡಿಯುತ್ತದೆ, ಫೋರ್-ಸ್ಟ್ರೋಕ್ ಎರಡು ಸುತ್ತಿಗೆ ಒಮ್ಮೆ. ಅದಕ್ಕೇ ಟೂ-ಸ್ಟ್ರೋಕ್ ಸೈಜಿನ ಒಂದೂವರೆ ಪಟ್ಟು ಇಟ್ಟುಕೊಳ್ಳಿ ಅನ್ನುವುದು ಹಳೇ ಲೆಕ್ಕ. ಶಬ್ದದ ಗುಟ್ಟೂ ಅಲ್ಲೇ ಇದೆ. 9,000 ಆರ್‌ಪಿಎಂನಲ್ಲಿ ಟೂ-ಸ್ಟ್ರೋಕ್ ಸೆಕೆಂಡಿಗೆ 150 ಸಲ ಸಿಡಿದರೆ ಫೋರ್-ಸ್ಟ್ರೋಕ್ 75 ಸಲ. ಕಿವಿಗೆ ಕೀರಲು ಶಬ್ದ ಇಲ್ಲ. ಪಕ್ಕದ ತೋಟದವರೂ ಬೈಯುವುದು ಕಡಿಮೆ.

ನಿಮ್ಮ ಟ್ರೈನರ್‌ಗೆ ನಾನು 62ರಿಂದ 72ರ ನಡುವೆ ನೋಡಿ ಅನ್ನುತ್ತೇನೆ. 52 ಹಾಕಿದರೂ ಹಾರುತ್ತದೆ. ಆದರೆ ಗದ್ದೆಯಿಂದ ಎದ್ದು ಎದುರಿನ ಸಿಲ್ವರ್ ಮರದ ಸಾಲು ದಾಟುವಷ್ಟರಲ್ಲಿ ನಿಮ್ಮ ಬಾಯಿ ಒಣಗಿರುತ್ತದೆ. 91 ಮಾತ್ರ ಬೇಡ. ಮೂಗು ಭಾರವಾಗಿ, ಬಾಲಕ್ಕೆ ಸೀಸ ಕಟ್ಟುತ್ತಾ ಕೂರಬೇಕಾಗುತ್ತದೆ.

ದುಡ್ಡು ಕೊಡುವ ಮುಂಚೆ ಟೇಪ್ ಹಿಡಿದು ಅಳೆಯಿರಿ. ತುಂಬಾ ಫೋರ್-ಸ್ಟ್ರೋಕ್‌ಗಳಲ್ಲಿ ಕಾರ್ಬ್ಯುರೇಟರ್ ಹಿಂಭಾಗದಲ್ಲಿರುತ್ತದೆ. ಹಳೇ ಮೌಂಟ್‌ನಲ್ಲಿ ಕೂರಿಸಿದರೆ ಅದು ಎಂಜಿನ್ ಹಿಂದಿನ ಹಲಗೆಗೆ (ಫೈರ್‌ವಾಲ್) ತಾಗಬಹುದು. ಪ್ರೊಪೆಲರ್ ಕೂಡ ದೊಡ್ಡದು: 52ಕ್ಕೆ 12x6, 70ಕ್ಕೆ 13x6 (ಮೊದಲನೆಯದು ಉದ್ದ, ಎರಡನೆಯದು ಪಿಚ್, ಎರಡೂ ಇಂಚಿನಲ್ಲಿ). ಈಗಿರುವುದು 11 ಇಂಚಿನದ್ದಾದರೆ 13ರ ತುದಿ ಒಂದಿಂಚು ಕೆಳಗೆ ಬರುತ್ತದೆ. ಕೊಯ್ಲಾದ ಗದ್ದೆಯ ಕೂಳೆಗೆ ತಾಗಲು ಅಷ್ಟು ಸಾಕು. ಮುಂದಿನ ಚಕ್ರದ ಕಂಬಿ ಉದ್ದ ಮಾಡಿ, ಇಲ್ಲವೇ ದೊಡ್ಡ ಚಕ್ರ ಹಾಕಿ.

ಬ್ರ್ಯಾಂಡ್? ಸೈಟೋ ಸೈಜಿಗೆ ಹೋಲಿಸಿದರೆ ಹಗುರ. ಆದರೆ ಅದರ ಸಿಲಿಂಡರ್ ಮತ್ತು ಹೆಡ್ ಒಂದೇ ತುಂಡು. ಓಎಸ್‌ನ ಸರ್ಪಾಸ್ ಸಾಲಿನ ಎಂಜಿನ್‌ಗಳಲ್ಲಿ ಹೆಡ್ ಬಿಚ್ಚಿ ಬರುತ್ತದೆ, ವಾಲ್ವ್ ಕೆಲಸ ಸಲೀಸು. ಬಿಚ್ಚಿ ಜೋಡಿಸುವ ಚಪಲ ಇರುವವರಿಗೆ ನನ್ನ ವೋಟು ಓಎಸ್‌ಗೆ. ಸುಮ್ನೆ ಹಾರಿಸಿದರೆ ಸಾಕು ಅನ್ನುವವರಿಗೆ ಸೈಟೋ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ 70 ಫೋರ್-ಸ್ಟ್ರೋಕ್ ತಗೊಂಡಿದ್ದೆ. ಬೇಸಿಗೆಯಲ್ಲಿ ಚೆನ್ನಾಗಿ ಓಡಿತು. ಮಳೆಗಾಲ ಪೂರ್ತಿ ಅಟ್ಟದ ಮೇಲಿತ್ತು. ಈಗ ತಿರುಗಿಸಿದರೆ ಬಿಗಿ, ಕರಕರ ಅನ್ನುತ್ತದೆ. ಹೇಗೋ ಸ್ಟಾರ್ಟ್ ಮಾಡಿದೆ, ಗ್ಲೋ ಕ್ಲಿಪ್ (ಸ್ಟಾರ್ಟ್ ಮಾಡುವಾಗ ಪ್ಲಗ್ ಬಿಸಿ ಮಾಡುವ ಬ್ಯಾಟರಿ ಕ್ಲಿಪ್) ತೆಗೆದ ಕೂಡಲೇ ನಿಲ್ಲುತ್ತದೆ. ಕಂಪ್ರೆಷನ್ ಕೂಡ ಮೊದಲಿನಷ್ಟಿಲ್ಲ. ನೀಡಲ್ (ಇಂಧನ ಹೆಚ್ಚುಕಡಿಮೆ ಮಾಡುವ ತಿರುಪು) ಎಷ್ಟು ತಿರುಗಿಸಿದರೂ ಸರಿಹೋಗಿಲ್ಲ. (ಗೋಣಿಕೊಪ್ಪದ ಓದುಗರು)

ಉತ್ತರ: ಮೊದಲು ನೀಡಲ್‌ನಿಂದ ಕೈ ತೆಗೆಯಿರಿ. ನೀವು ಬರೆದಿದ್ದರಲ್ಲಿ ನೀಡಲ್ ತಪ್ಪು ಒಂದೂ ಇಲ್ಲ.

ನಮ್ಮ ಗ್ಲೋ ಇಂಧನ ಅಂದರೆ ಮೆಥನಾಲ್, ಎಣ್ಣೆ, ಸ್ವಲ್ಪ ನೈಟ್ರೋಮೀಥೇನ್. ಟೂ-ಸ್ಟ್ರೋಕ್‌ನಲ್ಲಿ ಎಣ್ಣೆ ಬೆರೆತ ಈ ಇಂಧನ ಕ್ರ್ಯಾಂಕ್‌ಕೇಸ್ ಮೂಲಕವೇ ಹೋಗುತ್ತದೆ. ಬೇರಿಂಗ್‌ಗೆ ತಾನಾಗೇ ಸ್ನಾನವಾಗುತ್ತದೆ. ಫೋರ್-ಸ್ಟ್ರೋಕ್‌ನಲ್ಲಿ ಹಾಗಲ್ಲ. ಪಿಸ್ಟನ್ ರಿಂಗ್ ದಾಟಿ ಕೆಳಗೆ ಸೋರುವ ಗ್ಯಾಸ್ ಜೊತೆ ಬಂದಷ್ಟೇ ಎಣ್ಣೆ. ಆ ಗ್ಯಾಸ್‌ನಲ್ಲಿ ಉರಿದ ಮೆಥನಾಲ್‌ನ ನೀರೂ ಇದೆ, ನೈಟ್ರೋದಿಂದ ಹುಟ್ಟುವ ಆಸಿಡ್ಡೂ ಇದೆ. ಅದನ್ನು ಒಳಗೇ ಬಿಟ್ಟು ಕೊಡಗಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಟ್ಟದಲ್ಲಿಟ್ಟರೆ ಬೇರಿಂಗ್ ತುಕ್ಕು ಹಿಡಿಯದೆ ಇನ್ನೇನಾಗುತ್ತದೆ? ನಮ್ಮ ಕಡೆ ಫೋರ್-ಸ್ಟ್ರೋಕ್‌ಗಳು ಹಾರಿ ಹಾಳಾಗುವುದಕ್ಕಿಂತ ಕೂತು ಹಾಳಾಗುವುದೇ ಜಾಸ್ತಿ.

ಬಿಗಿ ಅಂದಿರಲ್ವಾ, ಅದು ಎರಡು ಥರ ಇರಬಹುದು. ಅಂಟು ಅಂಟಾಗಿ ಬಿಗಿಯಾಗಿದ್ದರೆ ಇಂಧನದ ಹರಳೆಣ್ಣೆ ಗಟ್ಟಿಯಾಗಿದೆ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿದರೆ ಬಿಡುತ್ತದೆ. ಪ್ರೊಪೆಲರ್ ಹಿಡಿದು ಜೋರು ಮಾಡಬೇಡಿ. ಬಿಸಿ ಮಾಡಿದ ಮೇಲೂ ಕರಕರ ಅಂದರೆ ಬೇರಿಂಗ್ ಬದಲಿಸಲೇಬೇಕು. ಮುಂದಿನದು, ಹಿಂದಿನದು ಎರಡೂ. ಬೇರಿಂಗ್ ಮೇಲೆ ನಂಬರ್ ಕೊರೆದಿರುತ್ತದೆ, ಅದನ್ನು ತೋರಿಸಿದರೆ ಬೇರಿಂಗ್ ಅಂಗಡಿಯಲ್ಲೇ ಸಿಗಬಹುದು. ಕ್ಯಾಮ್ ಕವರ್ ಬಿಚ್ಚಬೇಕಾಗಿ ಬಂದರೆ ಗೇರ್ ಮೇಲಿನ ಟೈಮಿಂಗ್ ಗುರುತಿನ ಫೋಟೋ ತೆಗೆದುಕೊಂಡು ಬಿಚ್ಚಿ. ಒಂದು ಹಲ್ಲು ಆಚೀಚೆ ಆದರೂ ಎಂಜಿನ್ ಸರಿಯಾಗಿ ಓಡಲ್ಲ.

ಕಂಪ್ರೆಷನ್ ಎಲ್ಲಿ ಸೋರುತ್ತಿದೆ ಅಂತ ಕಿವಿಯೇ ಹೇಳುತ್ತದೆ. ಕೈಗೆ ದಪ್ಪ ಗ್ಲೌಸ್ ಹಾಕಿ, ಗ್ಲೋ ಬ್ಯಾಟರಿ ದೂರ ಇಟ್ಟು, ಪ್ರೊಪೆಲರನ್ನು ಕಂಪ್ರೆಷನ್ ವಿರುದ್ಧ ನಿಧಾನಕ್ಕೆ ಒತ್ತಿ ಹಿಡಿಯಿರಿ. ಕಾರ್ಬ್ಯುರೇಟರ್‌ನಿಂದ ಸುಸ್ ಅಂದರೆ ಇನ್‌ಟೇಕ್ ವಾಲ್ವ್ ಕೂರುತ್ತಿಲ್ಲ. ಮಫ್ಲರ್‌ನಿಂದ ಬಂದರೆ ಎಗ್ಸಾಸ್ಟ್ ವಾಲ್ವ್. ಕ್ರ್ಯಾಂಕ್‌ಕೇಸ್ ಕೆಳಗೆ ಗ್ಯಾಸ್ ಹೊರಹೋಗುವ ಬ್ರೀದರ್ ನಿಪ್ಪಲ್‌ನಿಂದ ಬಂದರೆ ರಿಂಗ್.

ವಾಲ್ವ್ ಆದರೆ ಗಾಬರಿ ಬೇಡ. ಬುಲೆಟ್, ಜೀಪ್ ರಿಪೇರಿ ಗೊತ್ತಿರುವ ಯಾರಿಗಾದರೂ ಟ್ಯಾಪೆಟ್ ಸೆಟ್ಟಿಂಗ್ ಗೊತ್ತು. ಇಲ್ಲಿಯೂ ಅದೇ ಕೆಲಸ, ಅಳತೆ ಮಾತ್ರ ತೀರಾ ಸಣ್ಣದು. ಓಎಸ್ ಹೇಳುವುದು 0.04ರಿಂದ 0.10 ಮಿಲಿಮೀಟರ್. ಎಂಜಿನ್ ಪೂರ್ತಿ ತಣ್ಣಗಿರಬೇಕು. ಗ್ಲೋ ಪ್ಲಗ್ ಬಿಚ್ಚಿ, ಪ್ರೊಪೆಲರ್ ತಿರುಗಿಸಿ. ಇನ್‌ಟೇಕ್ ವಾಲ್ವ್ ತೆರೆದು ಮುಚ್ಚಿದ ನಂತರ ಪಿಸ್ಟನ್ ಮೇಲೆ ಬರುವ ಜಾಗ ಇದೆಯಲ್ಲ, ಅಲ್ಲಿ ನಿಲ್ಲಿಸಿ. ಎರಡೂ ರಾಕರ್ ಚೂರು ಸಡಿಲ ಇರಬೇಕು. ಪಿಸ್ಟನ್ ಇನ್ನೊಂದು ಸಲವೂ ಮೇಲೆ ಬರುತ್ತದೆ, ಆಗ ಎರಡೂ ವಾಲ್ವ್ ಸ್ವಲ್ಪ ಒತ್ತಿಕೊಂಡಿರುತ್ತವೆ. ಅಲ್ಲಿ ಅಳೆದರೆ ಲೆಕ್ಕವೇ ತಪ್ಪಿತು. 0.10ರ ಗೇಜ್ ಎಲೆ ಒಳಗೆ ಹೋಗಬಾರದು, 0.04ರದ್ದು ಜಾರಿ ಹೋಗಬೇಕು. ಗ್ಯಾಪ್ ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚಲ್ಲ, ನಿಮ್ಮ ಕಂಪ್ರೆಷನ್ ಹೋಗಿದ್ದು ಇದರಿಂದಲೂ ಇರಬಹುದು. ಗ್ಯಾಪ್ ಸರಿ ಮಾಡಿದ ಮೇಲೂ ಸುಸ್ ಅಂದರೆ ಹೆಡ್ ಬಿಚ್ಚಿ, ಸೀಟಿನ ಮೇಲಿನ ತುಕ್ಕು, ಮಸಿ ಒರೆಸಿ, ವಾಲ್ವನ್ನು ನುಣ್ಣನೆ ಪೇಸ್ಟ್ ಹಾಕಿ ಕೈಯಲ್ಲೇ ಉಜ್ಜಿ ಕೂರಿಸಬೇಕು. ಆಮೇಲೆ ಪೇಸ್ಟಿನ ಒಂದು ಕಣವೂ ಒಳಗೆ ಉಳಿಯಬಾರದು.

ಕ್ಲಿಪ್ ತೆಗೆದರೆ ನಿಲ್ಲುವುದಕ್ಕೆ ಮೊದಲ ಅನುಮಾನ ಪ್ಲಗ್ ಮೇಲೆ. ಎರಡು ಸುತ್ತಿಗೆ ಒಮ್ಮೆ ಸಿಡಿಯುವುದರಿಂದ ಪ್ಲಗ್‌ನ ತಂತಿಗೆ ತಣ್ಣಗಾಗಲು ಟೂ-ಸ್ಟ್ರೋಕ್‌ನ ಎರಡರಷ್ಟು ಹೊತ್ತು ಸಿಗುತ್ತದೆ. ಬಿಸಿ ಹಿಡಿದಿಟ್ಟುಕೊಳ್ಳುವ ಫೋರ್-ಸ್ಟ್ರೋಕ್ ಪ್ಲಗ್ಗೇ ಬೇಕು. ಓಎಸ್‌ನ ಎಫ್ ಪ್ಲಗ್ ಹಾಕಿ ನೋಡಿ. ಎರಡನೇ ಅನುಮಾನ ಮಳೆಗಾಲದಲ್ಲಿ ಅರ್ಧ ಖಾಲಿಯಾಗಿ ಉಳಿದ ಇಂಧನದ ಮೇಲೆ. ಮೆಥನಾಲ್ ಗಾಳಿಯ ತೇವ ಹೀರುತ್ತದೆ. ಆ ಕ್ಯಾನ್ ಮರೆತುಬಿಡಿ.

ಮುಂದಿನ ಸಲ ಹಾರಾಟ ಮುಗಿದ ಮೇಲೆ ಎಂಜಿನ್ ಓಡುತ್ತಿರುವಾಗಲೇ ಇಂಧನ ಟ್ಯೂಬ್ ಒತ್ತಿ ಹಿಡಿದು ಒಣಗಿಸಿ ನಿಲ್ಲಿಸಿ. ಆಫ್ಟರ್-ರನ್ ಎಣ್ಣೆಯನ್ನು (ಓಡಿಸಿದ ಮೇಲೆ ತುಕ್ಕು ತಡೆಯಲು ಹಾಕುವ ಎಣ್ಣೆ) ಸಿರಿಂಜ್‌ನಲ್ಲಿ ಬ್ರೀದರ್ ಮೂಲಕ ಒಳಗೆ ಬಿಟ್ಟು, ಕಾರ್ಬ್ಯುರೇಟರ್‌ಗೂ ನಾಲ್ಕು ಹನಿ ಹಾಕಿ, ಕೈಯಲ್ಲಿ ತಿರುಗಿಸಿ. ಅಟ್ಟ ಬೇಡ. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿ ಸಾಕು.

ಪ್ರಶ್ನೆ: ಗ್ಲೋ ಇಂಧನ ತರಿಸುವುದೇ ತಲೆನೋವು. ನನ್ನ 91 ಗ್ಲೋ ಎಂಜಿನನ್ನು ಪೆಟ್ರೋಲಿಗೆ ಬದಲಾಯಿಸಬಹುದಾ? (ವಿರಾಜಪೇಟೆಯ ಓದುಗರು)

ಉತ್ತರ: ಬದಲಾಯಿಸುವವರಿದ್ದಾರೆ. ನಾನು ಬೇಡ ಅನ್ನುತ್ತೇನೆ.

ಒಂದೇ ಪ್ರಮಾಣದ ಗಾಳಿಗೆ ಪೆಟ್ರೋಲಿಗಿಂತ ಮೆಥನಾಲ್ ಎರಡು ಪಟ್ಟಿಗೂ ಜಾಸ್ತಿ ಬೇಕು. ನಿಮ್ಮ ಕಾರ್ಬ್ಯುರೇಟರ್ ಮಾಡಿರುವುದು ಆ ಲೆಕ್ಕಕ್ಕೆ. ಪೆಟ್ರೋಲ್ ಹಾಕಿದರೆ ನೀಡಲ್ ಕೂದಲೆಳೆಯಷ್ಟು ತಿರುಗಿದರೂ ರಿಚ್‌ನಿಂದ (ಇಂಧನ ಜಾಸ್ತಿ) ಲೀನ್‌ಗೆ (ಇಂಧನ ಕಡಿಮೆ) ಹಾರುತ್ತದೆ. ಮೆಥನಾಲ್ ಒಳಗೆ ಆವಿಯಾಗುತ್ತಾ ಎಂಜಿನ್ ತಂಪಾಗಿಡುತ್ತದೆ, ಪೆಟ್ರೋಲ್ ಅಷ್ಟು ಮಾಡಲ್ಲ. ಇನ್ನು ಎಣ್ಣೆ. ಗ್ಲೋ ಇಂಧನದಲ್ಲಿ 15ರಿಂದ 20 ಪರ್ಸೆಂಟ್ ಎಣ್ಣೆ ಇರುತ್ತದೆ, 20:1 ಪೆಟ್ರೋಲ್ ಮಿಶ್ರಣದಲ್ಲಿ ಐದೇ ಪರ್ಸೆಂಟ್. ನಿಮ್ಮ ಎಂಜಿನ್‌ನ ಕನೆಕ್ಟಿಂಗ್ ರಾಡ್‌ಗೆ ಅದು ಸಾಲುವುದಿಲ್ಲ. ಪೆಟ್ರೋಲ್ ಬೇಕೇಬೇಕು ಅಂದರೆ ಸೈಟೋದ ಎಫ್‌ಜಿ ಸಾಲಿನಂಥ, ಪೆಟ್ರೋಲಿಗೆಂದೇ ಮಾಡಿದ ಎಂಜಿನ್ ತಗೊಳ್ಳಿ. ಆಗ ಸಿಲಿಕೋನ್ ಟ್ಯೂಬ್ ಕಿತ್ತು ಟೈಗಾನ್ ಟ್ಯೂಬ್ ಹಾಕಲು ಮರೆಯಬೇಡಿ. ಸಿಲಿಕೋನ್ ಪೆಟ್ರೋಲಿನಲ್ಲಿ ಉಬ್ಬಿ ಹಾಳಾಗುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ ಸೇರಿದೆ, ಅದೂ ತೇವ ಹೀರುತ್ತದೆ. ಟ್ಯಾಂಕ್‌ನಲ್ಲಿ ಬಿಟ್ಟಿಡಬೇಡಿ.

ನಡುವಿನ ದಾರಿ ಒಂದಿದೆ. ಇದೇ ಎಂಜಿನ್‌ಗೆ ಸ್ಪಾರ್ಕ್ ಇಗ್ನಿಷನ್ ಕಿಟ್ ಹಾಕಿ, ನೈಟ್ರೋ ಇಲ್ಲದ ಮೆಥನಾಲ್-ಎಣ್ಣೆ ಮಿಶ್ರಣದಲ್ಲಿ ಓಡಿಸುವುದು. ಐಡಲ್ ತುಂಬಾ ಚೆನ್ನಾಗಿ ಬರುತ್ತದೆ, ನೈಟ್ರೋ ಖರ್ಚೂ ಉಳಿಯುತ್ತದೆ. ಮೆಥನಾಲ್ ವಿಷ ಅನ್ನುವುದು ನೆನಪಿರಲಿ. ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಕಣ್ಣು ಹೋಗುವುದುಂಟು. ಬಿಸಿಲಿನಲ್ಲಿ ಅದರ ಬೆಂಕಿ ಕಣ್ಣಿಗೇ ಕಾಣದು. ಕುಡಿಯುವ ನೀರಿನ ಬಾಟಲಿಗೆ ಯಾವತ್ತೂ ತುಂಬಬೇಡಿ.

ಪ್ರಶ್ನೆ: ಮನೆ ಹತ್ತಿರ ಟ್ಯೂನ್ ಮಾಡಿದ ಎಂಜಿನ್ ಮಡಿಕೇರಿ ಕಡೆ ಹೋದರೆ ಯಾಕೋ ಹೊಗೆ ಜಾಸ್ತಿ, ಮಂಕು. ಟ್ಯೂನಿಂಗ್ ಮತ್ತೆ ಮಾಡಬೇಕಾ? ಮನೆಯ ಕಾಫಿ ಕಣದಲ್ಲಿ ಎಂಜಿನ್ ಓಡಿಸಿ ನೋಡಬಹುದಾ? (ಕುಶಾಲನಗರದ ಕಾಲೇಜು ವಿದ್ಯಾರ್ಥಿ)

ಉತ್ತರ: ಮಡಿಕೇರಿ ನಿಮ್ಮ ಊರಿಗಿಂತ ಮುನ್ನೂರು ಮೀಟರ್‌ಗೂ ಮೇಲಿದೆ. ಗಾಳಿ ಕಡಿಮೆ, ಇಂಧನ ಅಷ್ಟೇ, ಹಾಗಾಗಿ ರಿಚ್ ಆಗುತ್ತದೆ. ಮುಖ್ಯ ನೀಡಲನ್ನು ಒಂದೆರಡು ಕ್ಲಿಕ್ ಒಳಗೆ ತಿರುಗಿಸಿದರೆ ಸಾಕು. ಫುಲ್ ಥ್ರಾಟಲ್‌ನಲ್ಲಿ ಅತಿ ಹೆಚ್ಚು ಆರ್‌ಪಿಎಂ ಸಿಗುವ ಜಾಗ ಹುಡುಕಿ, ಅಲ್ಲಿಂದ 200-300 ಇಳಿಯುವಷ್ಟು ಮತ್ತೆ ಹೊರಗೆ ತೆಗೆಯಿರಿ. ವಿಮಾನದ ಮೂಗು ಮೇಲೆತ್ತಿ ಹಿಡಿದಾಗ ಆರ್‌ಪಿಎಂ ಬಿದ್ದರೆ ಲೀನ್ ಆಗಿದೆ. ಫೋರ್-ಸ್ಟ್ರೋಕ್ ಲೀನ್ ಆದರೆ ಹಿಂದಕ್ಕೆ ಒದ್ದು ಪ್ರೊಪೆಲರನ್ನೇ ಬಿಸಾಡುತ್ತದೆ. ಅದಕ್ಕೇ ಎರಡನೇ ಲಾಕ್ ನಟ್ ಕೊಟ್ಟಿರುತ್ತಾರೆ, ಅದನ್ನು ಡಬ್ಬಿಯಲ್ಲೇ ಬಿಡಬೇಡಿ. ವಾಪಸ್ ಮನೆಗೆ ಇಳಿದಾಗ ಆ ಕ್ಲಿಕ್‌ಗಳನ್ನು ಮತ್ತೆ ಹೊರಗೆ ತಿರುಗಿಸಿ.

ಕಣದಲ್ಲಿ ಬೇಡವೇ ಬೇಡ. ಒಣಗಿದ ಸಿಪ್ಪೆ, ಧೂಳು ಎಲ್ಲ ಕಾರ್ಬ್ಯುರೇಟರ್ ಒಳಗೆ ಹೋಗುತ್ತದೆ. ಮಫ್ಲರ್ ಎಣ್ಣೆ ಕಾಫಿ ಮೇಲೆ ಬಿದ್ದರೆ ಮನೆಯವರು ನಿಮ್ಮನ್ನೂ ಎಂಜಿನನ್ನೂ ಹೊರಗೆ ಹಾಕುತ್ತಾರೆ. ಪುತ್ತರಿ ಕಳೆದು ಕೊಯ್ಲಾದ ಮೇಲೆ ಒಣಗಿದ ಗದ್ದೆ ಒಳ್ಳೆ ಜಾಗ, ಗದ್ದೆಯವರನ್ನು ಕೇಳಿಕೊಂಡು ಹೋಗಿ. ಡ್ರೋನ್‌ಗಳು ಎಲ್ಲಿ ಹಾರಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಹಸಿರು ವಲಯವೇ ನೋಡಿಕೊಳ್ಳಿ. ಕಾಡಂಚು ಬಿಟ್ಟುಬಿಡಿ. ಆನೆ ಓಡಾಡುವ ಕಡೆ ಬಿದ್ದ ವಿಮಾನ ಹುಡುಕಲು ಸಂಜೆ ಹೊತ್ತು ತೋಟಕ್ಕೆ ಇಳಿಯಬೇಡಿ, ಬೆಳಗ್ಗೆ ತೋಟದವರ ಜೊತೆ ಹೋಗಿ.