20,000 ರೂಪಾಯಿಗೆ ಕ್ಲಾಸಿಫೈಡ್ ಕೊಡಲೋ, ಡಿಸ್‌ಪ್ಲೇ ಕೊಡಲೋ?

ಮೈಸೂರಿನ ಕುವೆಂಪುನಗರದಲ್ಲಿ ವಾಷಿಂಗ್ ಮೆಷಿನ್, ಮಿಕ್ಸಿ ರಿಪೇರಿ ಅಂಗಡಿ ತೆರೆದಿರುವ ನೀವು, ಕೈಯಲ್ಲಿರುವ 20,000 ರೂಪಾಯಿಯನ್ನು ಪತ್ರಿಕೆಯ ದಸರಾ ಪುರವಣಿಯಲ್ಲಿ ಚಿತ್ರ, ದೊಡ್ಡ ಅಕ್ಷರಗಳೊಡನೆ ಬರುವ ಬಣ್ಣದ ಡಿಸ್‌ಪ್ಲೇ ಜಾಹೀರಾತಿಗೆ ಹಾಕಬೇಕೋ, ವಾರವಾರದ ಕ್ಲಾಸಿಫೈಡಿಗೆ, ಅಂದರೆ ವಿಭಾಗವಾರು ಪುಟದ ಕೆಲವೇ ಸಾಲಿನ ಜಾಹೀರಾತಿಗೆ, ಹಾಕಬೇಕೋ ಎಂದು ಕೇಳಿದ್ದೀರಿ. ದಸರಾ ಪುರವಣಿ ಎಂಬ ಮಾತು ಕಂಡ ಕೂಡಲೇ ಉತ್ತರ ಬರೆಯಲು ಕುಳಿತೆ. ಮಂಡ್ಯದಲ್ಲಿ ಮೋಟಾರು ರಿವೈಂಡಿಂಗ್ (ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ) ಅಂಗಡಿ ಇಟ್ಟ ಮೊದಲ ವರ್ಷ ನಾನೂ ಅದಕ್ಕೇ ಬಿದ್ದವನು.

ಹಬ್ಬಕ್ಕೆ ಇನ್ನೂ ಕೆಲವು ವಾರಗಳಿರುವಾಗಲೇ ಏಜೆನ್ಸಿಯ ಹುಡುಗನೊಬ್ಬ ಪುರವಣಿಯ ಡಮ್ಮಿ (ಮಾದರಿ ಪುಟ) ಹಿಡಿದುಕೊಂಡು ಬಂದ. ಎದುರು ಸಾಲಿನ ಹಾರ್ಡ್‌ವೇರ್ ಅಂಗಡಿಯವರು, ಸಿಮೆಂಟ್ ಡೀಲರು ಎಲ್ಲರೂ ಜಾಗ ಹಿಡಿದಾಗಿದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಚೌಕಗಳನ್ನು ತೋರಿಸಿದ. ಅವರಿಗಿಂತ ಚಿಕ್ಕದು ಹಾಕಿಸಿದರೆ ಮರ್ಯಾದೆ ಹೋಗುತ್ತದೆಂಬಂತೆ ನಾನು ಕಾಲು ಪುಟಕ್ಕೆ ಒಪ್ಪಿಕೊಂಡೆ. ಅಂಗಡಿಯ ಹಲವು ತಿಂಗಳ ಬಾಡಿಗೆಯ ಹಣ ಒಂದೇ ಬೆಳಿಗ್ಗೆ ಖರ್ಚಾಯಿತು. ಆ ದಿನ ಫೋನ್ ಮಾಡಿದವರಲ್ಲಿ ನೆಂಟರಿದ್ದರು, ಹಳೆಯ ಸಹಪಾಠಿಗಳಿದ್ದರು, ದೀಪಾವಳಿ ಸಂಚಿಕೆಗೆ ಜಾಹೀರಾತು ಕೇಳುವ ಬೇರೆ ಪತ್ರಿಕೆಗಳ ಏಜೆಂಟರಿದ್ದರು. ಮೋಟಾರು ಸುಟ್ಟವರು ಯಾರೂ ಇರಲಿಲ್ಲ.

ಆ ಜಾಹೀರಾತಿನಲ್ಲಿ ಏನಿತ್ತೆಂದು ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಏಜೆನ್ಸಿಯವರು ಸಿದ್ಧಪಡಿಸಿ ತರುವ ಡಿಸೈನೂ ಬಹುಪಾಲು ಹಾಗೆಯೇ ಇರುತ್ತದೆ. ಮೇಲ್ಗಡೆ ಚಾಮುಂಡೇಶ್ವರಿಯ ಚಿತ್ರ, ಅದರ ಕೆಳಗೆ ನಾಡಿನ ಸಮಸ್ತ ಜನತೆಗೆ ದಸರಾ ಶುಭಾಶಯ, ಅದರ ಕೆಳಗೆ ಪುಟದಲ್ಲೇ ಅತಿ ದೊಡ್ಡ ಅಕ್ಷರದಲ್ಲಿ ಅಂಗಡಿಯ ಹೆಸರು, ಬಲಕ್ಕೆ ಬಿಳಿ ಶರಟು ತೊಟ್ಟ ನನ್ನ ಫೋಟೋ, ಕೊನೆಗೆ ‘ಎಲ್ಲ ಬಗೆಯ ಮೋಟಾರು, ಪಂಪ್‌ಸೆಟ್, ಸ್ಟಾರ್ಟರ್ ಇತ್ಯಾದಿಗಳನ್ನು ರಿಪೇರಿ ಮಾಡಿಕೊಡಲಾಗುವುದು, ಒಮ್ಮೆ ಭೇಟಿ ನೀಡಿ’ ಎಂಬ ಸಾಲು. ಲಗ್ನಪತ್ರಿಕೆಯಲ್ಲಿ ಹಿರಿಯರ ಹೆಸರುಗಳೆಲ್ಲ ಮುಗಿದ ಮೇಲೆ ಮುಹೂರ್ತ ಹುಡುಕಬೇಕಾಗುವಂತೆ, ನಾನು ಯಾವ ಕೆಲಸ ಮಾಡುತ್ತೇನೆಂಬುದನ್ನು ಓದುಗ ಹುಡುಕಿ ತೆಗೆಯಬೇಕಿತ್ತು.

ಹಣ ಹೋದದ್ದು ತಲೆಬರಹದಲ್ಲಿ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಸರಿಸಬೇಡಿ. ಡಿಸ್‌ಪ್ಲೇ ಜಾಹೀರಾತು ಬೀಳುವುದು ಸುದ್ದಿ ಓದುತ್ತಿರುವವನ ಕಣ್ಣಿಗೆ. ಅವನು ಜಾಹೀರಾತನ್ನು ಹುಡುಕಿಕೊಂಡು ಬಂದವನಲ್ಲವಾದ್ದರಿಂದ ದೊಡ್ಡ ಅಕ್ಷರದ ಮೊದಲ ಸಾಲು ಅವನಿಗೆ ಸಂಬಂಧಿಸಿದ್ದಾಗಿದ್ದರೆ ಮಾತ್ರ ಕಣ್ಣು ಅಲ್ಲಿ ನಿಲ್ಲುತ್ತದೆ. ನನ್ನ ಅಂಗಡಿಯ ಹೆಸರು ನನಗೆ ಮತ್ತು ನನ್ನ ಮನೆಯವರಿಗೆ ಬಿಟ್ಟರೆ ಇಡೀ ಜಿಲ್ಲೆಯಲ್ಲಿ ಯಾರಿಗೂ ಸಂಬಂಧಿಸಿರಲಿಲ್ಲ. ಹೆಸರಾಂತ ಸೀರೆ ಅಂಗಡಿಯೋ, ಚಿನ್ನದ ಅಂಗಡಿಯೋ ತನ್ನ ಹೆಸರನ್ನೇ ತಲೆಬರಹವಾಗಿ ಹಾಕಿದರೆ ಅದಕ್ಕೆ ಅರ್ಥವಿದೆ, ಅವರ ಹೆಸರೇ ಸರಕಿನ ವಿವರ. ನಿನ್ನೆ ಬಾಗಿಲು ತೆರೆದವನು ಅವರನ್ನು ನೋಡಿ ನಕಲು ಮಾಡಿದರೆ ಅವರಿಗಿರುವ ಹೆಸರು ಇವನಿಗೆ ಬರುವುದಿಲ್ಲ, ಬಿಲ್ಲು ಮಾತ್ರ ಬರುತ್ತದೆ. ಅದರ ಮೇಲೆ ‘ಎಲ್ಲ ಬಗೆಯ’ ಎಂದು ಬರೆದದ್ದರಿಂದ, ಸಬ್‌ಮರ್ಸಿಬಲ್ ಮೋಟಾರು ಇರುವ ರೈತನಿಗಾಗಲೀ ಹಿಟ್ಟಿನ ಗಿರಣಿಯವನಿಗಾಗಲೀ ಇದು ತನಗೇ ಹೇಳಿದ್ದು ಎನಿಸಲಿಲ್ಲ. ಹೆಸರನ್ನು ಕೆಳಗಿಳಿಸಿ, ಗಿರಾಕಿಯ ತೊಂದರೆಯನ್ನು ಮೇಲಕ್ಕೇರಿಸಿದ್ದರೆ ಅದರ ನಾಲ್ಕನೇ ಒಂದು ಭಾಗದ ಜಾಗವೇ ಸಾಕಾಗುತ್ತಿತ್ತು.

ಕಾಲವೂ ತಪ್ಪಿತ್ತು. ದಸರಾ ಹೊತ್ತಿಗೆ ನಮ್ಮ ಕಡೆಯ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ನೀರು ಹರಿಯುತ್ತಿರುತ್ತದೆ, ಮಳೆಯೂ ಇರುತ್ತದೆ, ಬೋರ್‌ವೆಲ್ ಮೋಟಾರುಗಳಿಗೆ ಹೆಚ್ಚು ಕೆಲಸವಿರುವುದಿಲ್ಲ. ಮೋಟಾರುಗಳು ಸುಡುವುದು ಮಾರ್ಚ್‌ನಿಂದ ಮೇವರೆಗೆ, ಎಲ್ಲರೂ ಒಟ್ಟಿಗೆ ಸ್ವಿಚ್ ಹಾಕಿ ವೋಲ್ಟೇಜ್ ಕುಸಿದಾಗ, ಅಥವಾ ಮೂರರಲ್ಲಿ ಒಂದು ಫೇಸ್ ಹೋದರೂ ಮೋಟಾರು ಓಡುತ್ತಲೇ ಇದ್ದಾಗ. ಈ ಕಸುಬಿನಲ್ಲಿದ್ದೂ ನಾನು ಕ್ಯಾಲೆಂಡರಿನಲ್ಲಿ ಹಬ್ಬವನ್ನು ನೋಡಿದೆನೇ ಹೊರತು ಮೋಟಾರನ್ನು ನೋಡಲಿಲ್ಲ.

ಆಮೇಲಿನ ಬೇಸಿಗೆಯಲ್ಲಿ ನಾಗಮಂಗಲ ಕಡೆಯ ಹಿರಿಯ ರೈತರೊಬ್ಬರು ಮೋಟಾರು ಹೊತ್ತು ತಂದರು. ಕಾಯಿಲ್ ಪೂರ್ತಿ ಕಪ್ಪಾಗಿತ್ತು. ನಾನು ತಾಮ್ರದ ತಂತಿಯ ತೂಕ, ಕೂಲಿ, ಬೇರಿಂಗ್ ಎಂದು ಲೆಕ್ಕ ಹೇಳತೊಡಗಿದಾಗ ಅವರು ನಡುವೆಯೇ ತಡೆದರು: “ದುಡ್ಡಿನ್ ಮಾತು ಆಮೇಲಿರ್ಲಿ ಕಣಪ್ಪ, ನಾಕ್ ದಿನ ನೀರ್ ಬಿಡ್ದೆ ಇದ್ರೆ ಟೊಮೇಟೊ ಗಿಡ ಉಳಿತಾವಾ ಹೇಳು.” ಅಂದು ಮೂಲೆಯಲ್ಲಿದ್ದ ಹಳೆಯ ಮೋಟಾರೊಂದನ್ನು ಅವರಿಗೆ ಕೊಟ್ಟು ಕಳುಹಿಸಿದೆ. ಅದೇ ವಾರ ಕ್ಲಾಸಿಫೈಡಿಗೆ ಹೀಗೆ ಬರೆದುಕೊಟ್ಟೆ: ‘ಬೋರ್ ಮೋಟಾರ್ ಸುಟ್ಟಿದೆಯೇ? ರಿವೈಂಡಿಂಗ್ ಮುಗಿಯುವವರೆಗೆ ಬದಲಿ ಮೋಟಾರ್ ಕೊಡುತ್ತೇವೆ. 5 ಮತ್ತು 7.5 ಎಚ್.ಪಿ. ಮಂಡ್ಯ ಬಸ್ ನಿಲ್ದಾಣದ ಹತ್ತಿರ. ಬೆಳಿಗ್ಗೆ 6ರಿಂದ ಫೋನ್ ಮಾಡಿ.’ ಅಂಗಡಿಯ ಹೆಸರನ್ನೇ ಹಾಕಲಿಲ್ಲ, ಪದಗಳ ಲೆಕ್ಕದಲ್ಲಿ ಹಣ ಕೊಡಬೇಕಾಗಿದ್ದರಿಂದ ಅದು ದಂಡವೆನಿಸಿತು. ಫೋನು ನಿಲ್ಲದೆ ಬಂದಿತು. ಎಷ್ಟೆಂದರೆ ಬದಲಿ ಮೋಟಾರುಗಳು ಖಾಲಿಯಾಗಿ, ದೂರದಿಂದ ಬಂದವರು ಬೈದು ಹೋದರು. ಮುಂದಿನ ವಾರ ‘ಬದಲಿ ಮೋಟಾರ್ ಇದೆಯೇ ಎಂದು ಕೇಳಿಕೊಂಡು ಬನ್ನಿ’ ಎಂದು ಸೇರಿಸಬೇಕಾಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವ ಬಗೆಯ ಜಾಹೀರಾತು, ಎಷ್ಟು ಅಳತೆ ಎಂಬುದು ಕೊನೆಗೆ ತೀರ್ಮಾನವಾಗಬೇಕಾದ ವಿಷಯ. ಮೊದಲು ಒಂದು ಕಾಗದದಲ್ಲಿ ನಿಮ್ಮ ಗಿರಾಕಿಯ ತೊಂದರೆ, ನೀವು ಕೊಡುವ ಪರಿಹಾರ, ಸ್ಥಳ, ಹಣ ಇಷ್ಟನ್ನು ಬರೆಯಿರಿ. ಅದು ಇಪ್ಪತ್ತೈದು ಪದಗಳಲ್ಲಿ ಮುಗಿದರೆ ಕ್ಲಾಸಿಫೈಡ್ ಸಾಕು. ಕ್ಲಾಸಿಫೈಡ್ ಪುಟ ತೆರೆಯುವವನು ಆಗಲೇ ಬೇಕೆಂದುಕೊಂಡು ಬಂದಿರುತ್ತಾನೆ. ಅವನನ್ನು ಕೂಗಿ ಕರೆಯುವ ಅಗತ್ಯವಿಲ್ಲ, ಉಳಿದವರನ್ನು ಬಿಟ್ಟು ನಿಮಗೇ ಏಕೆ ಫೋನ್ ಮಾಡಬೇಕೆಂದು ಹೇಳಿದರೆ ಸಾಕು. ಚಿತ್ರ ತೋರಿಸದೆ ತಿಳಿಯದ ಸರಕು, ಅಥವಾ ಇದು ನನಗೆ ಬೇಕು ಎಂದು ಓದುಗನಿಗೆ ಇನ್ನೂ ಹೊಳೆದಿರದ ಸರಕು ನಿಮ್ಮದಾಗಿದ್ದರೆ ಡಿಸ್‌ಪ್ಲೇ ಬಗ್ಗೆ ಯೋಚಿಸಿ. ಕೆಟ್ಟ ವಾಷಿಂಗ್ ಮೆಷಿನ್ ಹೇಗಿರುತ್ತದೆಂದು ಯಾರಿಗೂ ಚಿತ್ರ ತೋರಿಸಬೇಕಾಗಿಲ್ಲ.

ದರದ ಲೆಕ್ಕ ನಿಮಗೆ ತಿಳಿದಿರಲಿ. ಕ್ಲಾಸಿಫೈಡಿಗೆ ಪದ ಅಥವಾ ಸಾಲಿನ ಲೆಕ್ಕ. ಗೆರೆಯ ಚೌಕಟ್ಟು, ದಪ್ಪ ಅಕ್ಷರ ಬೇಕೆಂದರೆ ಹೆಚ್ಚುವರಿ ಹಣ. ಡಿಸ್‌ಪ್ಲೇಗೆ ಚದರ ಸೆಂಟಿಮೀಟರಿನ ಲೆಕ್ಕ. ದೊಡ್ಡ ಪತ್ರಿಕೆಯ ಪುಟ ಸುಮಾರು 33 ಸೆಂ.ಮೀ. ಅಗಲವಿದ್ದು ಎಂಟು ಕಾಲಂಗಳಾಗಿ ಹಂಚಿದ್ದರೆ ಒಂದು ಕಾಲಂ ಹೆಚ್ಚುಕಡಿಮೆ 4 ಸೆಂ.ಮೀ.; ಎರಡು ಕಾಲಂ ಅಗಲ, 10 ಸೆಂ.ಮೀ. ಎತ್ತರವೆಂದರೆ 80 ಚದರ ಸೆಂ.ಮೀ. ದರ 200 ರೂಪಾಯಿ ಎಂದಿಟ್ಟುಕೊಳ್ಳಿ, 16,000 ಆಯಿತು, ಅದರ ಮೇಲೆ ಶೇ 5 ಜಿಎಸ್‌ಟಿ ಸೇರಿ 16,800. ಬಣ್ಣಕ್ಕೆ, ಮುಖಪುಟಕ್ಕೆ, ಮೂರನೇ ಪುಟಕ್ಕೆ ಬೇರೆ ದರವಿರುವುದು ರೂಢಿ. ಅಂದರೆ ಅಂಗೈಯಗಲದ ಒಂದು ಜಾಹೀರಾತು ಒಂದು ದಿನ ಬಂದರೆ ನಿಮ್ಮ ಹಣವೆಲ್ಲ ಮುಗಿಯಿತು. ಎಲ್ಲ ಆವೃತ್ತಿಗಳಲ್ಲೂ ಬರುತ್ತದೆ ಎಂದು ಆಸೆ ಹುಟ್ಟಿಸುವವರಿರುತ್ತಾರೆ. ಬೀದರಿನವರು ನಿಮ್ಮಲ್ಲಿಗೆ ಮಿಕ್ಸಿ ತರುವುದಿಲ್ಲವಾದ್ದರಿಂದ ಮೈಸೂರು ಆವೃತ್ತಿಯ ದರವನ್ನು ಮಾತ್ರ ಕೇಳಿ. ಊರಿನದೇ ಪತ್ರಿಕೆಗಳಾದ ಆಂದೋಲನ, ಮೈಸೂರು ಮಿತ್ರದಂಥವುಗಳ ದರವನ್ನೂ ಕೇಳಿ ನೋಡಿ.

ಅಚ್ಚಿನ ವಿಷಯದಲ್ಲೂ ಎಚ್ಚರ ಬೇಕು. ನನ್ನ ಕಾಲು ಪುಟದಲ್ಲಿ ಫೋನ್ ನಂಬರನ್ನು ಕೆಂಪು ಪಟ್ಟಿಯ ಮೇಲೆ ಬಿಳಿಯಾಗಿ, ಅದೂ ಕನ್ನಡ ಅಂಕಿಗಳಲ್ಲಿ ಹಾಕಿದ್ದರು. ನ್ಯೂಸ್‌ಪ್ರಿಂಟ್ ಶಾಯಿಯನ್ನು ಹೀರಿ ಹರಡಿಸುವ ಕಾಗದ. ಸಣ್ಣ ಬಿಳಿ ಅಕ್ಷರಗಳೊಳಕ್ಕೆ ಬಣ್ಣ ನುಗ್ಗಿ, ಒತ್ತಕ್ಷರಗಳು ಮುದ್ದೆಯಾಗಿ, ೬ ಯಾವುದು ೯ ಯಾವುದು ಎಂದು ನನಗೇ ತಿಳಿಯದಂತಾಗಿತ್ತು. ನನಗೆ ಕನ್ನಡ ಅಂಕಿಗಳ ಮೇಲೆ ಅಭಿಮಾನವಿದೆ, ಆದರೂ ಫೋನ್ ನಂಬರನ್ನು ಇಂಗ್ಲಿಷ್ ಅಂಕಿಗಳಲ್ಲೇ, ಬಿಳಿಯ ಮೇಲೆ ಕಪ್ಪಾಗಿ ಹಾಕಿಸಿ. ನೀವು ‘ನುಡಿ’ಯಲ್ಲೋ ‘ಬರಹ’ದಲ್ಲೋ, ಅಂದರೆ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ, ಟೈಪ್ ಮಾಡಿ ಕಳುಹಿಸಿದ್ದನ್ನು ಅವರು ತಮ್ಮ ಫಾಂಟಿಗೆ ಬದಲಾಯಿಸುವಾಗ ಅರ್ಕಾವತ್ತು, ಒತ್ತುಗಳು ಸ್ಥಾನ ತಪ್ಪುವುದುಂಟು. ಅದಕ್ಕಾಗಿ ಪ್ರೂಫನ್ನು (ಅಚ್ಚಿಗೆ ಮುನ್ನ ನೋಡುವ ಪ್ರತಿಯನ್ನು) ಚಿತ್ರರೂಪದಲ್ಲಿ ತರಿಸಿಕೊಂಡು, ಅದರಲ್ಲಿರುವ ನಂಬರನ್ನೇ ನೋಡಿಕೊಂಡು ಬೇರೆ ಫೋನಿನಿಂದ ಕರೆ ಮಾಡಿ ಪರೀಕ್ಷಿಸಿ.

ನಿಮ್ಮ ಕಸುಬಿನಲ್ಲಿ ಕಾನೂನಿನ ತೊಡಕೂ ಇದೆ. ಹೆಸರಾಂತ ಕಂಪನಿಗಳ ಲಾಂಛನಗಳನ್ನು ಸಾಲಾಗಿ ಹಾಕಿ ‘ಅಧಿಕೃತ ಸರ್ವೀಸ್’ ಎಂದು ತೋರುವಂತೆ ಮಾಡಲು ಡಿಸೈನ್ ಮಾಡುವವರು ಸಲಹೆ ಕೊಡುತ್ತಾರೆ. ಕಂಪನಿಯ ಪತ್ರ ಕೈಯಲ್ಲಿಲ್ಲದಿದ್ದರೆ ಅದಕ್ಕೆ ಕೈಹಾಕಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ‘ಷರತ್ತು ಅನ್ವಯ’ ಎಂದು ಇರುವೆಯಷ್ಟು ಅಕ್ಷರದಲ್ಲಿ ಮುಗಿಸುವ ಅಭ್ಯಾಸವೂ ಬೇಡ. ದಾರಿತಪ್ಪಿಸುವ ಜಾಹೀರಾತು ತಡೆಯುವ 2022ರ ಮಾರ್ಗಸೂಚಿಗಳ ಪ್ರಕಾರ ಷರತ್ತು, ಭರವಸೆಯಿರುವ ಭಾಷೆಯಲ್ಲೇ, ಸ್ಪಷ್ಟವಾಗಿ ಓದುವಂತೆ ಇರಬೇಕು. ‘ಶೇ 100 ಗ್ಯಾರಂಟಿ’ ಎಂಬುದನ್ನು ಹೇಗೂ ಯಾರೂ ನಂಬುವುದಿಲ್ಲ. ‘ಬದಲಿಸಿದ ಭಾಗಕ್ಕೆ ಮೂರು ತಿಂಗಳು ಜವಾಬ್ದಾರಿ’ ಎಂದರೆ ನಂಬುತ್ತಾರೆ.

ನಾನು ನಿಮ್ಮ ಜಾಗದಲ್ಲಿದ್ದರೆ ಡಿಸ್‌ಪ್ಲೇಗೆ ಒಂದು ಪೈಸೆಯನ್ನೂ ಕೊಡದೆ, ಅರ್ಧ ಹಣವನ್ನು ‘ಸೇವೆಗಳು’ ವಿಭಾಗದ ಕ್ಲಾಸಿಫೈಡಿಗೆ, ವಾರಕ್ಕೊಂದರಂತೆ ಹಂಚುತ್ತಿದ್ದೆ. ಉಳಿದರ್ಧವನ್ನು, ಅದೇ ಒಕ್ಕಣೆಯನ್ನು ಸ್ವಲ್ಪ ದೊಡ್ಡದಾಗಿ ಅಚ್ಚು ಹಾಕಿಸಿದ ಪಾಂಪ್ಲೆಟ್‌ಗಳಿಗೆ ಇಡುತ್ತಿದ್ದೆ. ನಸುಕಿನಲ್ಲಿ ಪೇಪರ್ ಕಟ್ಟು ಬಿಚ್ಚುವ ಜಾಗಕ್ಕೆ ಹೋಗಿ, ನಿಮಗೆ ಬೇಕಾದ ಬೀದಿಗಳಿಗೆ ಪೇಪರ್ ಹಾಕುವ ಏಜೆಂಟರನ್ನೇ ಕಂಡು ಸಾವಿರಕ್ಕಿಷ್ಟು ಎಂದು ಮಾತಾಡಿಕೊಳ್ಳಬಹುದು. ನಿಮ್ಮಂಥ ಮನೆ ಸಾಮಾನಿನ ರಿಪೇರಿ ಅಂಗಡಿಗೆ ಎರಡು ಮೂರು ಕಿಲೋಮೀಟರಿನಾಚೆಯ ಗಿರಾಕಿ ಅಪರೂಪ, ಅವನಿಗಾಗಿ ಇಡೀ ಜಿಲ್ಲೆಯ ಪ್ರಸಾರಕ್ಕೆ ಹಣ ಕೊಡುವುದರಲ್ಲಿ ಅರ್ಥವಿಲ್ಲ.

ಯಾವುದರಿಂದ ಫೋನು ಬಂತೆಂದು ತಿಳಿಯಲು ನಾನು ಒಂದು ಪತ್ರಿಕೆಯಲ್ಲಿ ‘ಶಿವಣ್ಣನವರನ್ನು ಕೇಳಿ’, ಇನ್ನೊಂದರಲ್ಲಿ ‘ರಾಜಣ್ಣನವರನ್ನು ಕೇಳಿ’ ಎಂದು ಹಾಕಿಸುತ್ತಿದ್ದೆ. ನಮ್ಮಲ್ಲಿ ರಾಜಣ್ಣ ಎಂಬವರು ಯಾರೂ ಇರಲಿಲ್ಲ. ಅವರನ್ನೇ ಕಾಣಬೇಕೆಂದು ಹಟ ಹಿಡಿದು ಕುಳಿತ ಗಿರಾಕಿಗಳಿದ್ದರು. ನೀವು ಎರಡು ಸಿಮ್ ಇಟ್ಟುಕೊಂಡು ಒಂದೊಂದು ಜಾಹೀರಾತಿಗೆ ಒಂದೊಂದು ನಂಬರು ಕೊಟ್ಟರೆ ಈ ಫಜೀತಿ ತಪ್ಪುತ್ತದೆ.

ಒಕ್ಕಣೆಯನ್ನು ನಾನೇ ಬರೆದುಕೊಡುತ್ತೇನೆ, ಹಣ ಮತ್ತು ಬಡಾವಣೆಗಳನ್ನು ನಿಮಗೆ ಹೊಂದುವಂತೆ ತಿದ್ದಿಕೊಳ್ಳಿ: ‘ವಾಷಿಂಗ್ ಮೆಷಿನ್‌ನಿಂದ ನೀರು ಹೊರಹೋಗುತ್ತಿಲ್ಲವೇ? ಕುವೆಂಪುನಗರ, ರಾಮಕೃಷ್ಣನಗರ, ವಿವೇಕಾನಂದನಗರ. ಬೆಳಿಗ್ಗೆ ಫೋನ್ ಮಾಡಿದರೆ ಅಂದೇ ಮನೆಗೆ ಬರುತ್ತೇವೆ. ತಪಾಸಣೆ 200 ರೂ., ರಿಪೇರಿ ಮಾಡಿಸಿದರೆ ಬಿಲ್ಲಿನಲ್ಲಿ ಕಳೆಯುತ್ತೇವೆ. ಭಾನುವಾರವೂ ಬರುತ್ತೇವೆ.’ ದಸರಾಕ್ಕೆ ಕಾಯದೆ, ಬಟ್ಟೆ ಒಣಗದ ಮಳೆಗಾಲದಲ್ಲೇ ಶುರುಮಾಡಿ. ಮಿಕ್ಸಿಗೆ ಬೇರೆ ಜಾಹೀರಾತು ಮಾಡಿಸಿ, ಎರಡನ್ನೂ ಒಂದರಲ್ಲಿ ತುರುಕಬೇಡಿ. ಜಾಹೀರಾತು ಬರುವ ದಿನ ಬೆಳಿಗ್ಗೆ ಆರಕ್ಕೇ ಫೋನು ಕೈಯಲ್ಲಿರಲಿ. ಎತ್ತದಿದ್ದರೆ ಅವರು ಎರಡನೇ ಸಲ ಮಾಡುವುದಿಲ್ಲ, ಅದೇ ಕಾಲಮಿನ ಕೆಳಗಿನ ನಂಬರಿಗೆ ಮಾಡುತ್ತಾರೆ.